ಕುದುರೆಗೆ ಗಾಡಿ ನೋಡಿದ್ದು

ಮದುವೆಯಾಗಿ ನಾನು ಕುಂದಾಣದ ಕಡೆಯ ಆ ಮನೆಗೆ ಬರುವ ಹೊತ್ತಿಗೆ ಪಟೇಲಿಕೆ ಹೋಗಿತ್ತು, ಕುದುರೆ ಉಳಿದಿತ್ತು. ಸರ್ಕಾರ ಪಟೇಲಿಕೆಯನ್ನು ರದ್ದು ಮಾಡಿದರೂ ಮಾವನವರು ಕುದುರೆಯನ್ನು ರದ್ದು ಮಾಡಲು ಒಪ್ಪಲಿಲ್ಲ. ಕಂದಾಯದ ಕೆಲಸಕ್ಕೆ ಊರೂರು ತಿರುಗುವುದು ನಿಂತಿದ್ದರೂ ಬೆಳಗಾದರೆ ಪೇಟ ಸುತ್ತಿ, ಕುದುರೆ ಹತ್ತಿ, ರಾಗಿ ಹೊಲದವರೆಗೆ ಹೋಗಿ ಬರುತ್ತಿದ್ದರು. ಹೊಲ ಮನೆಯ ಹಿತ್ತಲಿಗೆ ಅಂಟಿಕೊಂಡೇ ಇತ್ತು. "ಕುದುರೆ ಕಂಡ್ರೆ ಕಾಲು ನೋವು ಅಂತ ಸುಮ್ನೆ ಅಂದ್ರಾ ಹಿರೀಕರು" ಎಂದು ಅತ್ತೆ ಒಲೆಯ ಮುಂದೆ ಕೂತು ಗೊಣಗುತ್ತಿದ್ದರು. ಗೊಣಗಿದರೂ ಹುರುಳಿ ಬೇಯಿಸಿ, ಆರಿಸಿ, ಬೆಲ್ಲದ ಚೂರು ಸೇರಿಸಿ ಕುದುರೆಗೆ ಇಡುತ್ತಿದ್ದವರು ಅವರೇ.

ಆಗ ಇದ್ದದ್ದು ಕಪ್ಪು ಕುದುರೆ. ನಾನು ಬಂದ ವರ್ಷವೇ ಅದು ಹೋಯಿತು. ಬೆಂಗಳೂರಲ್ಲಿ ನೆಂಟರ ಮದುವೆ, ವರ ಕುದುರೆ ಮೇಲೆ ಬರಬೇಕೆಂದು ಅವರಿಗೆ ಆಸೆ. ದನ ಸಾಗಿಸುವ ಲಾರಿಯೊಂದರಲ್ಲಿ ಕುದುರೆ ಹತ್ತಿಸಿಕೊಂಡು ಮಾವನವರೇ ಹೊರಟರು. ಯಲಹಂಕ ದಾಟುವ ಮೊದಲೇ ಲಾರಿಯ ಹಲಗೆ ಮುರಿದು ಕುದುರೆಯ ಹಿಂಗಾಲು ಕೆಳಗೆ ಇಳಿಯಿತು. ಕೆಳಗೆ ರಸ್ತೆ ಓಡುತ್ತಿತ್ತು. ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ, ಅವರೂ ಹೇಳಲಿಲ್ಲ. ಸಂಜೆ ಕಡಿವಾಣವನ್ನು ಹೆಗಲಿಗೆ ಹಾಕಿಕೊಂಡು ನಡೆದೇ ಮನೆಗೆ ಬಂದರು. ಊಟಕ್ಕೆ ಏಳಲಿಲ್ಲ. ಮೂರನೆಯ ದಿನ ಜಗುಲಿಗೆ ಬಂದು ಕೂತು ಒಂದೇ ಮಾತು ಹೇಳಿದರು: "ಈ ಮನೆ ಕುದುರೆ ಇನ್ಯಾವತ್ತೂ ಲಾರಿ ಹತ್ತಲ್ಲ."

ಹತ್ತಲಿಲ್ಲ. ಆಮೇಲೆ ಬಂದ ಕಂದು ಬಣ್ಣದ ಹೆಣ್ಣುಕುದುರೆಯನ್ನು ಅವರು ದೊಡ್ಡಬಳ್ಳಾಪುರದಿಂದ ನಡೆಸಿಕೊಂಡೇ ತಂದರು. ಅದು ಯಾರದೋ ಜಟಕಾಕ್ಕೆ ಕಟ್ಟಿದ್ದ ಕುದುರೆ, ಮುಂಗಾಲಿನಲ್ಲಿ ಹಳೆಯ ಉಳುಕು. ಟಾರು ರಸ್ತೆಯ ಮೇಲೆ ಸ್ವಲ್ಪ ದೂರ ನಡೆದರೆ ಕಾಲು ಕುಂಬಳಕಾಯಿಯಂತೆ ಊದುತ್ತಿತ್ತು. ಹೊಲದ ಮಣ್ಣಿನಲ್ಲಿ ಮಾತ್ರ ಚೆನ್ನಾಗಿ ನಡೆಯುತ್ತಿತ್ತು. ಮಾವನವರಿಗೆ ಬೇಕಾದದ್ದೂ ಅಷ್ಟೇ ದೂರ.

ಎಪ್ಪತ್ತರ ದಶಕ ಶುರುವಾದ ಮೇಲೆ ಅದಕ್ಕೆ ಒಂದು ಮರಿ ಆಗಬೇಕೆಂದು ಮಾವನವರಿಗೆ ಹಂಬಲ ಹುಟ್ಟಿತು. ಮೊದಲ ಮರಿ ಅಡ್ಡ ಸಿಕ್ಕಿಕೊಂಡು ಒಳಗೇ ಸತ್ತಿತು. ತಾಯಿ ಬದುಕಿದ್ದೇ ಹೆಚ್ಚು. ಎರಡನೆಯ ಸಲ ಗಬ್ಬವಾದಾಗ ದೇವನಹಳ್ಳಿಯ ದನದ ಡಾಕ್ಟರು ಬಂದು ಹೊಟ್ಟೆ ತಡವಿ ನೋಡಿ ಖಡಾಖಂಡಿತವಾಗಿ ಹೇಳಿದರು. "ನೋಡಿ ಗೌಡ್ರೇ, ಈ ಸಲಾನೂ ಮರಿ ಅಡ್ಡ ಬಂದ್ರೆ ಇಲ್ಲಿ ನನ್ನ ಕೈಲಿ ಏನೂ ಆಗಲ್ಲ. ಬೆಂಗ್ಳೂರಿನ ದೊಡ್ಡ ಆಸ್ಪತ್ರೇಲಿ ಕುದುರೆ ಹೆರಿಗೆ ಮಾಡ್ಸೋರಿದಾರೆ. ದಿನ ತುಂಬೋಕೆ ಮೊದ್ಲೇ ಅಲ್ಲಿ ಕಟ್ಟಿಬಿಡಿ. ಇಲ್ದಿದ್ರೆ ಎರಡೂ ಹೋಗ್ತವೆ."

"ನಡ್ಸ್ಕೊಂಡು ಹೋಗ್ತೀನಿ" ಎಂದರು ಮಾವ.

"ಆ ಕಾಲಲ್ಲಾ? ಆ ಹೊಟ್ಟೆ ಹೊತ್ಕೊಂಡಾ? ಬೆಂಗ್ಳೂರು ಮುಟ್ಟೋದ್ರೊಳಗೆ ಮಲಗಿಬಿಡುತ್ತೆ."

ಡಾಕ್ಟರು ಸೈಕಲ್ ಹತ್ತಿ ಹೋದರು. ಮಾವ ಜಗುಲಿಯಲ್ಲಿ ಕೂತು, "ನಡೆಯೋ ಹಂಗಿಲ್ಲ, ಲಾರಿ ನಾನು ಹತ್ತಿಸಲ್ಲ. ದೇವ್ರು ಇಟ್ಟಂಗಾಗ್ಲಿ" ಎಂದರು. ದೇವರು ಇಟ್ಟಂತಾಗಲಿ ಎನ್ನುವ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ನಾವು ಮಾಡಬೇಕಾದ್ದನ್ನು ಮಾಡದೆ ದೇವರ ತಲೆಗೆ ಕಟ್ಟುವುದು ಎಂಥ ಭಕ್ತಿ? ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು ಹೊಸ್ತಿಲು ದಾಟಿ ಹೊರಗೆ ಬಂದೆ.

"ಮಾವ, ಲಾರಿ ಬೇಡ. ಹಿಂದೆ ಎಳಕೊಂಡು ಹೋಗೋ ಟ್ರೈಲರ್ ಗಾಡಿ ನೋಡೋಣ. ಗಟ್ಟಿಯಾದ್ದು ಸಿಕ್ಕೇ ಸಿಗುತ್ತೆ. ನಾನು ನೋಡ್ತೀನಿ."

"ನೀನಾ?"

"ಹೂಂ, ನಾನೇ."

ಅವರು ನನ್ನನ್ನು ನೋಡಿದರು. ನಗಲಿಲ್ಲ, ಅದೊಂದು ಪುಣ್ಯ. ನನ್ನ ತವರು ತ್ಯಾಮಗೊಂಡ್ಲು. ನಮ್ಮಪ್ಪ ಸಂತೆಗೆ ತೆಂಗಿನಕಾಯಿ, ಅಡಿಕೆ ಹೊರುವ ಗಾಡಿಗಳನ್ನು ಬಾಡಿಗೆಗೆ ಬಿಡುತ್ತಿದ್ದವರು. ಗಂಡು ಮಕ್ಕಳಿಲ್ಲದ ಮನೆ, ಹಾಗಾಗಿ ಗಾಡಿಯ ಅಚ್ಚು, ಕಡಾಣಿ, ಹಲಗೆಗಳ ಬಗ್ಗೆ ಅಪ್ಪನ ಬೈಗುಳ ಕೇಳಿಕೊಂಡು ಬೆಳೆದದ್ದು ನಾನೇ. ಇದು ಮಾವನವರಿಗೂ ಗೊತ್ತಿತ್ತು.

"ಆಯ್ತು ಕಣವ್ವ" ಎಂದರು ಕೊನೆಗೆ. "ನೀನು ಒಪ್ಪಿದ ಗಾಡೀನ ನಾನೂ ಒಪ್ತೀನಿ. ಆದ್ರೆ ಅದು ಬಿದ್ರೆ..." ಅಲ್ಲಿಗೆ ಮಾತು ನಿಲ್ಲಿಸಿ ಎದ್ದು ಲಾಯಕ್ಕೆ ಹೋದರು. ಇನ್ನೊಂದು ಕುದುರೆಯನ್ನು ಹಾಗೆ ಕಳೆದುಕೊಂಡರೆ ಅವರು ಜಗುಲಿ ಬಿಟ್ಟು ಏಳುವುದಿಲ್ಲ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ತಾಯಿ, ಮರಿ, ಮುದುಕರು, ಮೂವರ ಭಾರವೂ ನನ್ನ ತಲೆಯ ಮೇಲೆ ಬಂತು. ಬರಲಿ ಎಂದುಕೊಂಡೆ.

ಮೊದಲು ಮಾಡಿದ ಕೆಲಸ ಕುದುರೆಯನ್ನು ಅಳೆದದ್ದು. ಬಾವಿ ಹಗ್ಗದ ಒಂದು ತುಂಡು ತೆಗೆದುಕೊಂಡು ಅದು ಕತ್ತು ಎತ್ತಿದಾಗಿನ ಎತ್ತರಕ್ಕೆ ಒಂದು ಗಂಟು, ಎದೆಯಿಂದ ಬಾಲದ ಬುಡದವರೆಗೆ ಒಂದು ಗಂಟು ಹಾಕಿದೆ. ಅಗಲಕ್ಕೆ ಮಾತ್ರ ಕಾಯಬೇಕಾಯಿತು. ಅಲುಗಾಡುವ ನೆಲದ ಮೇಲೆ ಕುದುರೆ ಕಾಲು ಅಗಲಿಸಿ ನಿಲ್ಲುತ್ತದೆ, ಉಚ್ಚೆ ಹೊಯ್ಯುವಾಗ ನಿಲ್ಲುವಂತೆ. ಅದು ಹಾಗೆ ನಿಲ್ಲುವವರೆಗೆ ಹಗ್ಗ ಹಿಡಿದು ಲಾಯದಲ್ಲಿ ಕಾದು ನಿಂತಿದ್ದೆ. ಅತ್ತೆ ಬಂದು ನೋಡಿ, "ಸೀರೆಗೆ ಕುಪ್ಸ ಅಳತೆ ತಗೊಂಡಂಗೆ ತಗೊಳ್ತಾವ್ಳಲ್ಲಪ್ಪಾ" ಎಂದು ಸೆರಗು ಬಾಯಿಗೆ ಇಟ್ಟುಕೊಂಡರು.

ಲಾರಿ ಬೇಡವೆಂದರೂ ದೊಡ್ಡಬಳ್ಳಾಪುರದಲ್ಲಿ ಒಬ್ಬರು ದನ ಸಾಗಿಸುವ ಲಾರಿಯ ಹಿಂದೆ ಕಟ್ಟುವ ಟ್ರೈಲರ್ ಇಟ್ಟಿದ್ದಾರೆಂದು ಕೇಳಿ ನನ್ನವರನ್ನು ಕರೆದುಕೊಂಡು ಹೋದೆ. ಒಳಗೆ ಮೊಣಕಾಲುದ್ದ ಹುಲ್ಲು ಹಾಸಿತ್ತು. ಅದರ ಮಾಲೀಕರು ಹುಲ್ಲಿನ ಮೇಲೆ ಅಂಗೈ ಆಡಿಸಿ, "ಹಾಸಿಗೆ ಇದ್ದಂಗಿದೆ ನೋಡಮ್ಮಾ. ಎಷ್ಟು ಜೊತೆ ಎತ್ತು ಹೊತ್ತೈತೆ ಇದು, ಒಂದಾದ್ರೂ ಕುಂಟಿದ್ದು ತೋರ್ಸಿ" ಎಂದರು. ನಾನು ಹುಲ್ಲು ಸರಿಸಿ, ಸೊಂಟದಲ್ಲಿಟ್ಟುಕೊಂಡು ಹೋಗಿದ್ದ ಕುಡುಗೋಲಿನ ಮೊನೆಯನ್ನು ಹಲಗೆಗೆ ಚುಚ್ಚಿದೆ. ಬೆಂದ ಗೆಣಸಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ದನದ ಉಚ್ಚೆ ಕುಡಿದು ಕುಡಿದು ಹಲಗೆ ಕೊಳೆತಿತ್ತು, ಆ ಕೊಳೆತದ್ದನ್ನೇ ಹುಲ್ಲು ಮುಚ್ಚಿತ್ತು. ಕಪ್ಪು ಕುದುರೆಯ ಕಾಲು ಇಳಿದದ್ದು ಇಂಥದೇ ಹಾಸಿಗೆಯಲ್ಲಿ. ಮಾಲೀಕರಿಗೆ ಸಿಟ್ಟು ಬಂತು. "ಗಾಡಿ ಹಾಳು ಮಾಡ್ತಿದೀರಲ್ಲಮ್ಮಾ!" ಎಂದರು. "ಹಾಳಾಗಿರೋದನ್ನ ತೋರಿಸ್ತಿದೀನಿ" ಎಂದು ಕುಡುಗೋಲು ಒರೆಸಿಕೊಂಡು ಬಂದೆ.

ಆಮೇಲೆ ಪಕ್ಕದ ಹೊಲದವರ ಟ್ರ್ಯಾಕ್ಟರು. ಊರಿಗೆ ಅದೊಂದೇ ಟ್ರ್ಯಾಕ್ಟರು, ಅದರ ಹಿಂದೆ ಗೊಬ್ಬರ ಹೊರುವ ಎರಡು ಚಕ್ರದ ಕಬ್ಬಿಣದ ಟ್ರೈಲರು. ತಳ ಗಟ್ಟಿಯಾಗಿತ್ತು. ನನ್ನವರು, "ಇದೇ ಸಾಕಲ್ಲ, ಮನೆ ಮುಂದೇನೇ ಇದೆ" ಎಂದರು. ಮನೆ ಮುಂದೆ ಇರುವುದೇ ಗುಣ ಎಂದರೆ ನಾನೇನು ಹೇಳಲಿ? ಟ್ರೈಲರ್ ಹತ್ತಿ ನಡುಮಧ್ಯೆ ನಿಂತು, "ರೀ, ಕುಂದಾಣದ ಕಡೆ ಹೊಡೀರಿ. ನಾನು ಹೇಳ್ದಾಗ ಬ್ರೇಕ್ ಹಾಕಿ" ಎಂದೆ.

"ಕಂಬಿ ಹಿಡ್ಕೋ."

"ಕುದುರೆಗೆ ಕೈಯಿಲ್ಲ. ನಾನೂ ಹಿಡ್ಕೊಳಲ್ಲ."

ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಸ್ಪ್ರಿಂಗು ಇಲ್ಲದ ಗಾಡಿ, ಪ್ರತಿ ಕಲ್ಲೂ ಹಲ್ಲಿಗೆ ತಾಗುತ್ತಿತ್ತು. ಬ್ರೇಕ್ ಹಾಕಿ ಎಂದು ಕೂಗಿದೆ. ಹಾಕಿದರು. ಮುಗ್ಗರಿಸಿ ಮುಂದಿನ ತಗಡಿಗೆ ಹಣೆ ಬಡಿಯಿತು. ಮತ್ತೆ ಹೊರಟಾಗ ಹಿಂದಕ್ಕೆ ಕುಕ್ಕರಿಸಿದೆ. ದಾರಿಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ನಡು ಎತ್ತಿ ನಿಂತು ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಮನೆಗೆ ಬಂದರೆ ಅತ್ತೆಯ ಪೂಜೆ ಬೇರೆ. "ಪಟೇಲ್ರ ಮನೆ ಸೊಸೆ ಗೊಬ್ಬರದ ಗಾಡೀಲಿ ಕುಣೀತಾವ್ಳೆ ಅಂತ ಊರೆಲ್ಲ ಆಡ್ಕೊಳ್ತಾವ್ರೆ. ಹಣೆ ನೋಡು, ಬದನೇಕಾಯಿ ಆಗೈತೆ." ಬೈಯುತ್ತಲೇ ಅರಿಸಿನ ಅರೆದು ಹಚ್ಚಿದರು. ಹಣೆ ಊದಿದರೂ ನನಗೆ ಬೇಕಾದ ಬುದ್ಧಿ ಸಿಕ್ಕಿತ್ತು: ಗಾಡಿಗೆ ಸ್ಪ್ರಿಂಗು ಬೇಕು, ನಾಲ್ಕು ಚಕ್ರ ಬೇಕು, ಮುಂದೆ ಎದೆ ಆನಿಸಿ ನಿಲ್ಲಲು ಒಂದು ಮರ ಬೇಕು.

ಬೆಂಗಳೂರಿನಲ್ಲಿ ಹಳೆ ಮಿಲಿಟರಿ ಸಾಮಾನು ಮಾರುವ ಒಂದು ಜಾಗಕ್ಕೆ ನನ್ನವರು ಕರೆದುಕೊಂಡು ಹೋದರು. ಅಲ್ಲಿ ಹಸಿರು ಬಣ್ಣ ಬಳಿದ, ಮೇಲೆ ಮಾಡು, ಹಿಂದೆ ಬಾಗಿಲು ಇರುವ, ನೋಡಲು ರಾಜನ ಡೇರೆಯಂಥ ಟ್ರೈಲರೊಂದಿತ್ತು. ನನ್ನವರ ಕಣ್ಣು ಅರಳಿತು. ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ಸಂತೋಷಪಟ್ಟರು. ನಾನು ಸೆರಗು ಬಿಗಿದು ಗಾಡಿಯ ಕೆಳಗೆ ನುಸುಳಿದೆ. 'ಗಾಡೀನ ಮೇಲಿಂದ ನೋಡೋನು ಗಿರಾಕಿ, ಕೆಳಗಿಂದ ನೋಡೋನು ಯಜಮಾನ' ಎಂದು ಅಪ್ಪ ಹೇಳುತ್ತಿದ್ದರು. ಕೆಳಗೆ ಅಚ್ಚು ಬಾಗಿತ್ತು, ಬಾಗಿದ ಕಡೆ ಬೆಸುಗೆ ಹಾಕಿ ಅದರ ಮೇಲೂ ಹಸಿರು ಬಣ್ಣ ಬಳಿದಿದ್ದರು. ಹೊರಗೆ ಥಳಕು, ಒಳಗೆ ಹುಳುಕು. ಹಗ್ಗ ಹಿಡಿದು ನೋಡಿದರೆ ಮಾಡು ಮೊದಲ ಗಂಟಿಗಿಂತ ಗೇಣುದ್ದ ಕಮ್ಮಿ. ಕುದುರೆ ಬೆಚ್ಚಿ ತಲೆ ಎತ್ತಿದರೆ ನೆತ್ತಿ ಒಡೆಯುತ್ತದೆ.

ಗಾಡಿಯ ಕೆಳಗಿಂದ ತೆವಳಿ ಬಂದ ನನ್ನನ್ನು ನೋಡಿ ಅಂಗಡಿಯವರು, "ಏನಮ್ಮಾ ಇದು, ಗಂಡು ನೋಡೋಕೆ ಬಂದಂಗೆ ನೋಡ್ತೀರಾ?" ಎಂದು ನಕ್ಕರು.

"ಗಂಡು ಕೆಟ್ಟೋನಾದ್ರೆ ತವರಿಗೆ ವಾಪಸ್ ಹೋಗ್ಬಹುದು. ಇದು ನಡುದಾರೀಲಿ ಕೆಟ್ರೆ ಕುದುರೆ ಎಲ್ಲಿಗೆ ಹೋಗುತ್ತೆ?" ಎಂದೆ. ನನ್ನವರು ಬಸ್ಸಿನಲ್ಲಿ ಊರು ತಲುಪುವವರೆಗೂ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದರು. ಗಂಡಿನ ಮಾತು ಅವರಿಗೆ ತಾಗಿತ್ತೋ, ಹಸಿರು ಬಾಗಿಲು ಕೈಬಿಟ್ಟದ್ದು ತಾಗಿತ್ತೋ, ಕೇಳಲಿಲ್ಲ.

ಕೊನೆಗೆ ಸಿಕ್ಕಿದ್ದು ಹೊಸಕೋಟೆಯಲ್ಲಿ, ಒಬ್ಬ ಕಮ್ಮಾರರ ಕುಲುಮೆಯ ಹಿಂದೆ. ಊರೂರು ತಿರುಗುವ ನಾಟಕದ ಮಂಡಳಿಯೊಂದು ದೀಪಕ್ಕೆ ಕರೆಂಟು ಕೊಡುವ ಯಂತ್ರ ಹೊರಲು ಇಟ್ಟುಕೊಂಡಿದ್ದ ಟ್ರೈಲರು. ಕುರೂಪಕ್ಕೆ ಇನ್ನೊಂದು ಹೆಸರು. ಬಣ್ಣವೆಂಬುದೇ ಇಲ್ಲ, ಪಕ್ಕದ ಹಲಗೆಯ ಮೇಲೆ ಯಾವುದೋ ರಾಜನ ಕಿರೀಟದ ಚಿತ್ರ ಅರ್ಧ ಅಳಿಸಿತ್ತು. ಆದರೆ ನಾಲ್ಕು ಚಕ್ರ, ಸ್ಪ್ರಿಂಗು ಪಟ್ಟಿಗಳು ಸಾಲಾಗಿ ಸರಿಯಾಗಿದ್ದವು, ನೆಲಕ್ಕೆ ತಗ್ಗಾಗಿತ್ತು, ಅಚ್ಚು ನೇರವಾಗಿತ್ತು. ಭಾರವಾದ ಯಂತ್ರ ಹೊರಲೆಂದೇ ಮಾಡಿದ ಮತ್ತಿ ಮರದ ತಳ. ಕುಡುಗೋಲಿನ ಮೊನೆ ಎಲ್ಲಿ ಚುಚ್ಚಿದರೂ ಟಣ್ ಎಂದು ಜಾರಿತು. ಎರಡು ಕಡೆ ಮಾತ್ರ ಬಿರುಕು. ಹಗ್ಗ ಇಟ್ಟು ನೋಡಿದೆ, ಅಗಲ ಗಂಟು ದಾಟಿ ಕೈಯಗಲ ಉಳಿಯಿತು, ಉದ್ದದಲ್ಲಿ ಮುಂದೆ ಒಬ್ಬರು ನಿಲ್ಲುವಷ್ಟು ಜಾಗ ಉಳಿಯಿತು. ಮೇಲೆ ಆಕಾಶ. "ಇದೇ" ಎಂದೆ. ನನ್ನವರು ಕಿರೀಟದ ಚಿತ್ರ ನೋಡಿ ಹಣೆ ಚಚ್ಚಿಕೊಂಡರೂ ವ್ಯಾಪಾರ ಮುಗಿಸಿದರು.

ಊರಿನ ಬಡಗಿ ಬಿರುಕಿನ ಹಲಗೆ ಬದಲಾಯಿಸಿದರು. ಎದೆಗೆ ಆನಿಸಲು ಅಡ್ಡಮರ ಹಾಕಿ, ಅದಕ್ಕೆ ಹುಲ್ಲು ತುಂಬಿ ಗೋಣಿ ಸುತ್ತಿಸಿದೆ. ಹತ್ತಿ ಇಳಿಯಲು ಉದ್ದನೆಯ ಇಳಿಜಾರು ಹಲಗೆ, ಕಾಲು ಊರಲು ಅದಕ್ಕೆ ಅಡ್ಡ ಪಟ್ಟಿಗಳು. ಟ್ರ್ಯಾಕ್ಟರಿಗೆ ಸೇರಿಸುವ ಕೊಂಡಿಯ ಜೊತೆಗೆ, ಅದು ಕಳಚಿದರೂ ಗಾಡಿ ಬಿಟ್ಟುಹೋಗದಂತೆ ಎರಡು ಸರಪಳಿ. ಎಳೆಯುವುದಕ್ಕೆ ಪಕ್ಕದ ಹೊಲದವರ ಟ್ರ್ಯಾಕ್ಟರನ್ನೇ ಕೇಳಿದೆವು. ನಿಧಾನ ಎಂದರು ಎಲ್ಲರೂ. ನಿಧಾನವೇ ನನಗೆ ಬೇಕಾಗಿತ್ತು.

ಮಾವನವರು ದೂರದಿಂದ ನೋಡುತ್ತಿದ್ದರೇ ಹೊರತು ಹತ್ತಿರ ಬರಲಿಲ್ಲ. ಕೆಲಸ ಮುಗಿದ ದಿನ ಮಾತ್ರ ಬಂದು, ಗಾಡಿಯ ಮೇಲೆ ಹತ್ತಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮೂಲೆ ಮೂಲೆಗೂ ನಡೆದು, ಒಂದೊಂದು ಹಲಗೆಯ ಮೇಲೂ ಹಿಮ್ಮಡಿ ಊರಿ ಕುಕ್ಕಿದರು. ಇಳಿದು, "ಹುರುಳಿ ಇದ್ರಲ್ಲೇ ಇಡು" ಎಂದರು. ಅಂದಿನಿಂದ ಚಕ್ರಗಳಿಗೆ ಕಲ್ಲು ಕೊಟ್ಟು ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಅದರೊಳಗೇ ಕುದುರೆಗೆ ಹುರುಳಿ ಇಟ್ಟೆವು. ಮೊದಲು ಕತ್ತು ಚಾಚಿ ತಿಂದಿತು, ಆಮೇಲೆ ಮುಂಗಾಲು ಇಟ್ಟಿತು. ಒಂದು ವಾರ ಕಳೆಯುವ ಹೊತ್ತಿಗೆ ಅಂಗಳದಲ್ಲಿ ಬಿಟ್ಟರೆ ತಾನೇ ಹತ್ತಿ, ಎದೆಮರಕ್ಕೆ ಒರಗಿ ನಿಂತು, ಹುರುಳಿ ಎಲ್ಲಿ ಎಂದು ನಮ್ಮ ಕಡೆ ತಿರುಗಿ ನೋಡುತ್ತಿತ್ತು. ನನಗೆ ಗೆದ್ದಷ್ಟು ಸಂತೋಷವಾಗಿತ್ತು.

ಹೊರಡುವುದು ಸೋಮವಾರ ಎಂದಾಯಿತು. ಏಳೂವರೆಗೆ ರಾಹುಕಾಲ, ಅದಕ್ಕೆ ಮೊದಲೇ ಊರು ದಾಟಬೇಕು. ಬೆಳಕು ಹರಿಯುವಾಗಲೇ ನಾನು ಟ್ರ್ಯಾಕ್ಟರಿನ ಕೊಂಡಿ, ಸರಪಳಿ, ಚಕ್ರಗಳನ್ನೆಲ್ಲ ಮುಟ್ಟಿ ನೋಡಿದೆ. ಗಾಡಿಯ ಒಳಗೆ ಮಾತ್ರ ನೋಡಲಿಲ್ಲ, ಹಿಂದಿನ ಸಂಜೆಯೇ ಗುಡಿಸಿಟ್ಟಿದ್ದೆನಲ್ಲ. ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಮಾವ ಕುದುರೆಯ ಹಗ್ಗ ಹಿಡಿದು ಬಂದರು. ಅದರ ಗೊರಸುಗಳಿಗೆ ಅರಿಸಿನ ಹಚ್ಚಿತ್ತು.

ಕುದುರೆ ಎಂದಿನಂತೆ ಇಳಿಜಾರು ಹಲಗೆ ಏರಿ ಮುಂಗಾಲನ್ನು ಒಳಗಿಟ್ಟಿತು. ಕಾಲು ಸರ್ರನೆ ಮೊಳದುದ್ದ ಜಾರಿತು. ಅದು ಮಂಡಿಯೂರಿ, ಮೂಗಿನಲ್ಲಿ ದೊಡ್ಡ ಉಸಿರು ಬಿಟ್ಟು, ಹಿಂದಕ್ಕೆ ನುಗ್ಗಿ ಕೆಳಗಿಳಿದು ನಡುಗುತ್ತ ನಿಂತಿತು. ಹೊಟ್ಟೆ ಒಂದು ಕಡೆಗೆ ತೊನೆದಾಡಿತು. ಮಾವನವರ ಮುಖ ಬೂದಿಯಾಗಿತ್ತು. ಕುದುರೆಯ ತಲೆಯನ್ನು ಲಾಯದ ಕಡೆಗೆ ತಿರುಗಿಸಿದರು.

"ಮಾವ, ನಿಂತ್ಕೊಳ್ಳಿ."

"ಬ್ಯಾಡ ಬಿಡು. ಅದೇ ಬ್ಯಾಡ ಅಂತು."

ನಾನು ಗಾಡಿ ಹತ್ತಿದೆ. ಹತ್ತಿದವಳು ಜಾರಿ ಎದೆಮರ ತಬ್ಬಿಕೊಂಡೆ. ತಳ ಪೂರ್ತಿ ಸಗಣಿ ಹಾಕಿ ನುಣ್ಣಗೆ ಸಾರಿಸಿತ್ತು, ಕನ್ನಡಿಯ ಹಾಗೆ. ನಟ್ಟನಡುವೆ ಎಳೆ ರಂಗೋಲಿ, ನಾಲ್ಕು ಮೂಲೆಗೂ ಕುಂಕುಮ. ಆ ಕೈಯನ್ನು ನಾನು ಬಲ್ಲೆ. ಅತ್ತೆಯಷ್ಟು ನುಣ್ಣಗೆ ಸಾರಿಸುವವರು ಸುತ್ತ ಎಲ್ಲೂ ಇರಲಿಲ್ಲ.

"ಅತ್ತೆ, ಇದೇನು?"

"ಏನು ಅಂದ್ರೆ? ಬಸುರಿ ಕಾಲಿಡೋ ಜಾಗ ಕಣೇ, ಹೆರಿಗೆಗೆ ಹೋಗ್ತಾ ಇರೋದು. ಸಾರಿಸ್ದೆ ಹಂಗೇ ಕಳ್ಸಕ್ಕಾಯ್ತದಾ? ನೀವೆಲ್ಲ ಏಳೋದ್ರೊಳ್ಗೇ ಎದ್ದು ಸಾರಿಸ್ದೆ." ಅವರ ಮುಖದಲ್ಲಿ ಇನ್ನೂ ಹೆಮ್ಮೆಯಿತ್ತು. ಪಾಪ, ಅವರಿಗೆ ಜಾರಿದ್ದು ಯಾಕೆಂದು ಹೊಳೆದೇ ಇರಲಿಲ್ಲ.

"ಲಾಳ ಹೊಡೆದಿರೋ ಕಾಲು ಇದ್ರ ಮೇಲೆ ನಿಲ್ಲಲ್ಲ ಅತ್ತೆ. ಕೆರೀಬೇಕು."

"ಒಣಗ್ತದೆ ಇರು."

"ಒಣಗಿದ್ರೂ ಅದು ಉಚ್ಚೆ ಹುಯ್ದ ಕೂಡ್ಲೇ ಮತ್ತೆ ಜಾರುತ್ತೆ. ದಾರಿ ಮಧ್ಯೆ ಬಿದ್ರೆ ಎತ್ತೋರ್ಯಾರು? ಕೆರೀಬೇಕು." ನಾನು ಸಲಿಕೆ ತರಲು ಇಳಿದೆ.

ಅತ್ತೆ ಇಳಿಜಾರು ಹಲಗೆಗೆ ಅಡ್ಡ ನಿಂತರು. "ಹೊರಡೋ ಗಳಿಗೇಲಿ ರಂಗೋಲಿ ಅಳಿಸ್ತೀಯಾ? ಸಾವಿನ ಮನೇಲಿ ಮಾಡೋ ಕೆಲ್ಸ ಅದು! ಕುಡುಗೋಲು ಹಿಡ್ಕೊಂಡು ಊರೂರು ತಿರುಗ್ದೆ, ಸುಮ್ನಿದ್ದೆ. ಇದ್ಕೆ ಮಾತ್ರ ನಾನು ಬಿಡಲ್ಲ. ನಿನ್ನ ಚೊಚ್ಚಲ ಹೆರಿಗೆಗೆ ಕಳಿಸ್ವಾಗ್ಲೂ ಹಿಂಗೇ ಗಾಡಿ ಸಾರಿಸಿ ರಂಗೋಲಿ ಇಟ್ಟು ಕಳ್ಸಿದ್ನಲ್ಲ, ಅವತ್ತು ಕೆರೀಬೇಕು ಅಂದ್ಯಾ?"

ಕಳಿಸಿದ್ದರು, ನಿಜ. ಮದುವೆಯಾದ ಎರಡನೆಯ ವರ್ಷ, ದಿನ ತುಂಬುವ ಹೊತ್ತಿಗೆ, ತ್ಯಾಮಗೊಂಡ್ಲಿಗೆ ಹೋಗಲು ದೊಡ್ಡಬಳ್ಳಾಪುರದ ಬಸ್ಸಿನವರೆಗೆ ಮನೆಯ ಎತ್ತಿನ ಗಾಡಿಯಲ್ಲಿ. ಕಮಾನು ಕಟ್ಟಿ, ಹೊಸ ಜಮಖಾನ ಹಾಸಿ, ಎತ್ತಿನ ಕೊಂಬಿಗೆ ಹೂ ಸುತ್ತಿ, ನೋಡಿದವರು ಮೆಚ್ಚುವ ಹಾಗೆ ಕಳಿಸಿದ್ದರು. ಹತ್ತುವ ಮೊದಲು ಅಭ್ಯಾಸಬಲದಿಂದ ಬಗ್ಗಿ ಕೆಳಗೆ ನೋಡಲು ಹೋದೆ. ಕೈತುಂಬ ಬಳೆ ತೊಟ್ಟ ಬಸುರಿ ಗಾಡಿ ಕೆಳಗೆ ಬಗ್ಗುತ್ತಾಳೆಯೇ ಎಂದು ಎಲ್ಲರೂ ನಕ್ಕು ಎತ್ತಿ ಕೂರಿಸಿದರು. ಕಲ್ಲುದಾರಿಯ ಇಳಿಜಾರಿನಲ್ಲಿ ಅಚ್ಚು ಮುರಿದು ಗಾಡಿ ಮಗುಚಿತು. ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ನನಗೆ ಎಚ್ಚರವಾದಾಗ ಎಲ್ಲ ಮುಗಿದಿತ್ತು. ಮಗುವನ್ನು ಮಣ್ಣು ಮಾಡಿ ಬಂದಿದ್ದರು. ಆಮೇಲೆ ನನಗೆ ಮಕ್ಕಳಾದವು, ಆ ಮಗುವಿನ ಮಾತನ್ನು ಮಾತ್ರ ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಅವತ್ತು ಎತ್ತಿದೆ. ಕೂಗಲಿಲ್ಲ. "ಸಾರಿಸಿದ್ರಿ ಅತ್ತೆ. ರಂಗೋಲೀನೂ ಚೆನ್ನಾಗಿತ್ತು. ಅಚ್ಚನ್ನ ಮಾತ್ರ ಯಾರೂ ಬಗ್ಗಿ ನೋಡ್ಲಿಲ್ಲ."

ನನ್ನವರು ಟ್ರ್ಯಾಕ್ಟರಿನ ಯಂತ್ರ ಆರಿಸಿಬಿಟ್ಟರು. ಲಾಯದ ಕಡೆ ತಿರುಗಿದ್ದ ಮಾವ ನಿಂತಲ್ಲೇ ನಿಂತರು. ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳುವ ಮನಸ್ಸು ನನಗೆ ಎಳ್ಳಷ್ಟೂ ಇರಲಿಲ್ಲ. ಸಲಿಕೆ ಹಿಡಿದು ಇಳಿಜಾರು ಹಲಗೆಯ ಬುಡಕ್ಕೆ ಬಂದೆ.

ಅತ್ತೆ ಉರಿಯುತ್ತಿದ್ದ ಆರತಿ ತಟ್ಟೆಯನ್ನು ಜಗುಲಿಯ ಮೇಲಿಟ್ಟರು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನನ್ನನ್ನು ಸರಿಸಿ, ಗಾಡಿ ಹತ್ತಿ ಕುಕ್ಕರುಗಾಲಲ್ಲಿ ಕೂತರು. "ಸಲಿಕೆ ಬ್ಯಾಡ, ಹಲ್ಗೆ ಗಾಯ ಆಯ್ತದೆ" ಎಂದು, ತಮ್ಮ ಕೈಯಿಂದಲೇ ಮೊದಲು ರಂಗೋಲಿಯನ್ನು ಅಳಿಸಿದರು. ತೆಂಗಿನ ಚಿಪ್ಪು ತಂದುಕೊಟ್ಟೆ. ಅದರಿಂದ ಒಂದೊಂದೇ ಹಲಗೆ ಕೆರೆದರು. ನಾನು ನೀರು ಹೊಯ್ದು ತೆಂಗಿನ ನಾರಿನಿಂದ ಉಜ್ಜಿದೆ. ನನ್ನವರು ಕಾಲುವೆ ಬದಿಯಿಂದ ದಪ್ಪ ಮರಳು ತಂದು ಸುರಿದರು, ಅತ್ತೆಯೇ ಅದನ್ನು ಕೈಯಲ್ಲಿ ಹರಡಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮಾವ ಕುದುರೆಯ ಕುತ್ತಿಗೆ ತಟ್ಟುತ್ತ ಅಂಗಳದಲ್ಲಿ ಸುತ್ತು ಹಾಕಿಸುತ್ತಿದ್ದರು. ಲಾಯಕ್ಕೆ ಹೋಗಲಿಲ್ಲ.

ಎಲ್ಲ ಮುಗಿಯುವ ಹೊತ್ತಿಗೆ ಬಿಸಿಲು ಜಗುಲಿ ಹತ್ತಿತ್ತು. ಮಾವ ಸೂರ್ಯನನ್ನು ನೋಡಿ, "ರಾಹುಕಾಲ ಬಂತಲ್ಲವ್ವ" ಎಂದರು.

"ರಾಹುಕಾಲಕ್ಕೆ ಕುದುರೆ ಜಾರಲ್ಲ ಮಾವ, ಸಗಣಿಗೆ ಜಾರುತ್ತೆ. ಈಗ ಹೊರಟ್ರೆ ಬಿಸ್ಲು ಏರೋಕೆ ಮುಂಚೆ ಅರ್ಧ ದಾರಿ ಸಾಗುತ್ತೆ. ಹತ್ತಿಸಿ."

ಕುದುರೆ ಒಂದು ಕಾಲಿಟ್ಟು ನಿಂತಿತು. ಮರಳನ್ನು ಮೂಸಿತು. ಇನ್ನೊಂದು ಕಾಲಿಟ್ಟಿತು. ಆಮೇಲೆ ನಾಲ್ಕು ಕಾಲೂ ಒಳಗಿಟ್ಟು ಎದೆಮರಕ್ಕೆ ಒರಗಿತು. ಮಾವ ಒಂದು ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕಿ, ಎದೆಮರದ ಮುಂದೆ ಅದರ ತಲೆಯ ಹತ್ತಿರ ತಾವೂ ನಿಂತರು. ಹಿಂದಿನ ಹಲಗೆ ಏರಿಸಿ ಚಿಲಕ ಹಾಕಿ ನಾನು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತೆ. ಆಗ ಅತ್ತೆ, "ಸರ್ಕೋ, ನಾನೂ ಬರ್ತೀನಿ" ಎಂದು ಇನ್ನೊಂದು ಕಡೆಯಿಂದ ಹತ್ತಲು ಶುರು ಮಾಡಿದರು. ರಾಹುಕಾಲದಲ್ಲಿ ಹಿತ್ತಲಿಗೂ ಹೋಗದವರು. ನನ್ನವರು ಕೈ ಹಿಡಿದು ಹತ್ತಿಸಿಕೊಂಡರು.

ದಾರಿಯುದ್ದಕ್ಕೂ ನಾನು ಹಿಂದಕ್ಕೆ ತಿರುಗಿಯೇ ಕೂತಿದ್ದೆ. ಯಲಹಂಕದ ಹತ್ತಿರ ರಸ್ತೆಗೆ ಅಡ್ಡ ಬಂದ ಎಮ್ಮೆಗೆ ನನ್ನವರು ಬ್ರೇಕ್ ಹಾಕಬೇಕಾಯಿತು. ಕುದುರೆ ಎದೆಮರಕ್ಕೆ ಒತ್ತಿ ಕಾಲು ಅಗಲಿಸಿ ಗಟ್ಟಿಯಾಗಿ ನಿಂತಿತು. ಮಾವ ಕಣ್ಣು ಮುಚ್ಚಿಕೊಂಡಿದ್ದರು. ತೆರೆದು ನೋಡಿದರು, ನನ್ನ ಕಡೆ ತಲೆ ಆಡಿಸಿದರು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆ ತಲುಪಿ ಹಲಗೆ ಇಳಿಸಿದಾಗ ಅದು ತನ್ನ ನಾಲ್ಕು ಕಾಲಿನ ಮೇಲೆ ತಾನೇ ನಡೆದು ಇಳಿಯಿತು. ಮಾವ ನೆಲದಲ್ಲಿ ಕೂತು ಒಂದೊಂದು ಕಾಲನ್ನೂ ಮೇಲಿಂದ ಕೆಳಗಿನವರೆಗೆ ಸವರಿ ನೋಡಿದರು. ಮುಂದಿನ ತಿಂಗಳು ಮರಿ ಅಡ್ಡವೇ ಬಂತಂತೆ. ಅಲ್ಲಿಯ ಡಾಕ್ಟರುಗಳು ತಿರುಗಿಸಿ ತೆಗೆದರು. ಹೆಣ್ಣು ಮರಿ. ತಾಯಿ, ಮರಿ ಎರಡೂ ಅದೇ ಗಾಡಿಯಲ್ಲಿ ಮನೆಗೆ ಬಂದವು.

ಆಸ್ಪತ್ರೆ ತಲುಪಿದ ಆ ಮಧ್ಯಾಹ್ನ, ಮಾವ ಮತ್ತು ನನ್ನವರು ಕುದುರೆಯನ್ನು ಒಳಗೆ ಕಟ್ಟಲು ಹೋದಾಗ, ನಾನೂ ಅತ್ತೆಯೂ ಗಾಡಿಯ ಇಳಿಜಾರು ಹಲಗೆಯ ಮೇಲೆ ಕೂತಿದ್ದೆವು. ಬುತ್ತಿ ಬಿಚ್ಚಿ ನನ್ನ ಕೈಗೆ ರೊಟ್ಟಿ ಕೊಟ್ಟರು. ತಾವು ತಿನ್ನಲಿಲ್ಲ. ಉಗುರಿನಲ್ಲಿ ಸಿಕ್ಕಿದ್ದ ಸಗಣಿಯನ್ನು ಕಡ್ಡಿಯಿಂದ ತೆಗೆಯುತ್ತ ಕೂತಿದ್ದವರು ತಲೆ ಎತ್ತದೆ 'ಹೆಣ್ಣು ಮಗು' ಎಂದರು.

ಕುದುರೆ ಮರಿಯ ಮಾತೆಂದುಕೊಂಡು, "ಇನ್ನೂ ಹುಟ್ಟೇ ಇಲ್ಲವಲ್ಲ ಅತ್ತೆ" ಎಂದೆ.

"ನಿಂದು ಕಣವ್ವ. ನಿಂಗೆ ಯಾರೂ ಹೇಳ್ಲೇ ಇಲ್ಲ. ನೀನು ಕೇಳ್ಲೂ ಇಲ್ಲ. ಮಣ್ಣಿಗೆ ಇಡೋ ಮುಂಚೆ ನಾನೇ ನೀರು ಹಾಕ್ದೆ. ತಲೆ ತುಂಬ ಕೂದ್ಲಿತ್ತು. ಮೂಗು ನಿಂದೇ."

ರೊಟ್ಟಿ ಕೈಯಲ್ಲೇ ಉಳಿಯಿತು. ಅಷ್ಟು ವರ್ಷ ಕಲ್ಲಿನ ಹಾಗಿದ್ದ ನನಗೆ ಅಳು ಉಕ್ಕಿ ಬಂತು. ಅತ್ತೆ ನನ್ನ ತಲೆಯನ್ನು ಎಳೆದು ಮಡಿಲಿಗೆ ಹಾಕಿಕೊಂಡು, ಇನ್ನೂ ಏನೇನು ನೆನಪಿತ್ತೋ ಎಲ್ಲವನ್ನೂ ಒಂದೊಂದಾಗಿ ಹೇಳಿದರು.